ಗದ್ದೆಗೆ ಕಾವಲು ನಿಂತ ಕಾಡುಭತ್ತ



ಸೋಣೆ ತಿಂಗಳು ಬಂತೆಂದರೆ ನಮ್ಮ ಸಭೆಗಳಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಒಂದು ಮಾತು ಬಂದೇ ಬರುತ್ತದೆ. "ನಮ್ ಗೆದ್ದಿಗ್ ಎಂತದೋ ರೋಗ ಬಂದಿತ್ ಮಾರಾಯ್ರೆ, ಎಂತ ಹೊಡೂದ್?" ಒಬ್ಬರು ಒಂದು ಔಷಧಿಯ ಹೆಸರು ಹೇಳುತ್ತಾರೆ, ಇನ್ನೊಬ್ಬರು ಮತ್ತೊಂದು ಹೇಳುತ್ತಾರೆ. ಸಂಘದಿಂದ ಸಾಲ ತೆಗೆದು ಔಷಧಿ ತಂದು ಹೊಡೆದದ್ದೂ ಆಗುತ್ತದೆ. ಮರುದಿನವೇ ಜೋರು ಮಳೆ ಬಂದು ಅದೆಲ್ಲ ತೊಳೆದು ಹೋದದ್ದೂ ಉಂಟು. ಕಡೆಗೆ ಉಳಿಯುವುದು ಜೊಳ್ಳು ಮತ್ತು ಸಾಲ.

ರೋಗ ಬಂದ ಮೇಲೆ ಏನು ಹೊಡೆಯಬೇಕು ಎಂದು ಕೇಳುವ ಮೊದಲು ಇನ್ನೊಂದು ಪ್ರಶ್ನೆ ಕೇಳಬಹುದಲ್ವಾ? ನಾವು ಬಿತ್ತುವ ಬೀಜಕ್ಕೇ ರೋಗ ತಡೆಯುವ ಶಕ್ತಿ ಇದ್ದರೆ ಹೇಗೆ? ಅಂಥ ಶಕ್ತಿಯಿರುವ ಬೀಜಗಳು ಇವೆ. ಆ ಶಕ್ತಿ ಎಲ್ಲಿಂದ ಬಂತು ಎಂದು ಹುಡುಕಿದರೆ, ನಾವು ಕಳೆ ಎಂದು ಕಿತ್ತು ಬಿಸಾಡುವ ಕಾಡುಭತ್ತದವರೆಗೂ ಹೋಗಬೇಕಾಗುತ್ತದೆ. ಈ ವಿಷಯವನ್ನು ಸ್ವಲ್ಪ ನಿಧಾನವಾಗಿ ತಿಳಿಯೋಣ.

ಮೊದಲು ರೋಗದ ಗುರುತು

ಎಲೆ ಒಣಗಿದ್ದನ್ನು ಕಂಡ ಕೂಡಲೇ ನಾವು "ಬೆಂಕಿ ರೋಗ" ಎಂದುಬಿಡುತ್ತೇವೆ. ಆದರೆ ಎಲೆ ಒಣಗುವುದಕ್ಕೆ ಬೇರೆ ಬೇರೆ ಕಾರಣಗಳಿವೆ.

ಬೆಂಕಿ ರೋಗ ಬರುವುದು ಶಿಲೀಂಧ್ರದಿಂದ, ಅಂದರೆ ಬೂಷ್ಟಿನ ಜಾತಿಯ ಜೀವಿಯಿಂದ. ಎಲೆಯ ಮೇಲೆ ಕಣ್ಣಿನ ಆಕಾರದ ಕಲೆಗಳು ಕಾಣುತ್ತವೆ. ನಡುವೆ ಬೂದಿ ಬಣ್ಣ, ಸುತ್ತ ಕಂದು ಅಂಚು. ತೆನೆಯ ಕುತ್ತಿಗೆಗೆ ಬಂದರೆ ತೆನೆಯೇ ಮುರಿದು ಬೀಳುತ್ತದೆ.

ದುಂಡಾಣು ಎಲೆ ಅಂಗಮಾರಿ ಬರುವುದು ಬ್ಯಾಕ್ಟೀರಿಯಾದಿಂದ. ಎಲೆಯ ತುದಿಯಿಂದ ಅಂಚಿನ ಗುಂಟ ಹಳದಿಯಾಗಿ ಒಣಗುತ್ತಾ ಬರುತ್ತದೆ. ಇದನ್ನು ಮನೆಯಲ್ಲೇ ಪರೀಕ್ಷೆ ಮಾಡಬಹುದು. ರೋಗ ಬಂದ ಎಲೆಯನ್ನು ಕತ್ತರಿಸಿ, ಕತ್ತರಿಸಿದ ಕಡೆಯನ್ನು ಗಾಜಿನ ಲೋಟದ ತಿಳಿನೀರಿನಲ್ಲಿ ಇಳಿಬಿಡಿ. ಸ್ವಲ್ಪ ಹೊತ್ತಿನಲ್ಲಿ ಹಾಲಿನಂಥ ಎಳೆ ನೀರಿಗೆ ಇಳಿದರೆ ಅದು ದುಂಡಾಣು ರೋಗ. ಬೂಷ್ಟು ರೋಗಕ್ಕೆ ಹೊಡೆಯುವ ಔಷಧಿ ಇದಕ್ಕೆ ನಾಟುವುದಿಲ್ಲ. ಹೊಡೆದರೆ ದುಡ್ಡು ದಂಡ.

ಮೂರನೆಯದು ಕಂದು ಜಿಗಿಹುಳು. ಇದು ನೀರಿನ ಮಟ್ಟಕ್ಕೆ ಸರಿಯಾಗಿ ಬುಡದಲ್ಲಿ ಕುಳಿತು ರಸ ಹೀರುತ್ತದೆ. ಗದ್ದೆಯ ನಡುವೆ ವೃತ್ತಾಕಾರವಾಗಿ ಸುಟ್ಟ ಹಾಗೆ ಕಾಣುತ್ತದೆ. ಈ ಹುಳು ನಂಜು ರೋಗವನ್ನೂ ಗಿಡದಿಂದ ಗಿಡಕ್ಕೆ ದಾಟಿಸುತ್ತದೆ.

ಇದನ್ನೆಲ್ಲ ಹೇಳಿದ್ದು ಯಾಕೆಂದರೆ, ಬೂಷ್ಟಿಗೆ ತಡೆಯೊಡ್ಡುವ ಶಕ್ತಿ ಬೇರೆ, ಬ್ಯಾಕ್ಟೀರಿಯಾಕ್ಕೆ ಬೇರೆ, ಹುಳಕ್ಕೆ ಬೇರೆ. "ಎಲ್ಲ ರೋಗಕ್ಕೂ ಆಗುವ ಬೀಜ" ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ.

ಕಾಡುಭತ್ತ ಎಂದರೆ ಯಾವುದು?

ನಾವು ಬೆಳೆಯುವ ಭತ್ತಕ್ಕೂ ಕಾಡಿನಲ್ಲಿ, ಕೆರೆ ಬದಿಯಲ್ಲಿ, ತೋಡಿನ ಅಂಚಿನಲ್ಲಿ ತಾನಾಗಿ ಹುಟ್ಟುವ ಬಂಧುಗಳಿದ್ದಾರೆ. ಲೋಕದಲ್ಲಿ ಒಟ್ಟು 20ಕ್ಕೂ ಹೆಚ್ಚು ಜಾತಿಯ ಕಾಡುಭತ್ತಗಳಿವೆ. ನಮ್ಮ ಪಶ್ಚಿಮ ಘಟ್ಟದ ಕಾಡಿನ ನೆರಳಿನಲ್ಲೂ ಒಂದು ಜಾತಿ ಬೆಳೆಯುತ್ತದೆ. ಸಂಸ್ಕೃತದಲ್ಲಿ ಕಾಡುಭತ್ತಕ್ಕೆ "ನೀವಾರ" ಎಂಬ ಹೆಸರಿದೆ. ಅದನ್ನೇ ಹಿಡಿದು ವಿಜ್ಞಾನಿಗಳು ಒಂದು ಜಾತಿಗೆ "ಒರೈಝಾ ನಿವಾರಾ" ಎಂದು ಹೆಸರಿಟ್ಟಿದ್ದಾರೆ.

ಕಾಡುಭತ್ತವನ್ನು ನೋಡಿದರೆ ಯಾರಿಗೂ ಆಸೆ ಹುಟ್ಟುವುದಿಲ್ಲ. ಕಾಳು ಸಪೂರ. ತುದಿಯಲ್ಲಿ ಉದ್ದದ ಸುಂಗು. ಹಣ್ಣಾದ ಕೂಡಲೇ ಉದುರಿ ಹೋಗುತ್ತದೆ, ಕೊಯ್ಲಿಗೆ ಕಾಯುವುದೇ ಇಲ್ಲ. ಆದರೆ ಅದಕ್ಕೆ ಒಂದು ಗುಣವುಂಟು. ಅದಕ್ಕೆ ಯಾರೂ ಗೊಬ್ಬರ ಹಾಕಲಿಲ್ಲ, ಔಷಧಿ ಹೊಡೆಯಲಿಲ್ಲ. ಸಾವಿರಾರು ವರ್ಷ ರೋಗದ ಜೊತೆಗೇ ಬದುಕಿತು. ಸೋತ ಗಿಡಗಳು ಸತ್ತವು, ತಡೆದುಕೊಂಡವು ಉಳಿದವು. ಹಾಗೆ ಉಳಿದ ಗಿಡಗಳ ಒಳಗೆ ರೋಗ ತಡೆಯುವ ಗುಣ ಕೂಡಿಬಂದಿದೆ.

ನಾವೇನು ಮಾಡಿದೆವು? ಹಿಂದಿನಿಂದಲೂ ದಪ್ಪ ಕಾಳು, ಉದುರದ ತೆನೆ, ಒಳ್ಳೆಯ ರುಚಿ ನೋಡಿ ಬೀಜ ಆರಿಸಿದೆವು. ಅದು ಸರಿಯೇ. ಇಲ್ಲದಿದ್ದರೆ ನಮಗೆ ಗಂಜಿ ಎಲ್ಲಿಂದ? ಆದರೆ ಹೀಗೆ ಆರಿಸುತ್ತಾ ಬರುವಾಗ ರೋಗ ತಡೆಯುವ ಗುಣ ಕೆಲವೊಮ್ಮೆ ಹಿಂದೆಯೇ ಉಳಿದುಹೋಯಿತು.

ಸಾವಿರಾರು ತಳಿಗಳ ನಡುವೆ ಸಿಕ್ಕಿದ್ದು ಒಂದೇ

1960ರ ದಶಕದ ಕೊನೆಯಲ್ಲಿ ಮತ್ತು 1970ರ ದಶಕದಲ್ಲಿ ಏಷ್ಯಾದ ಹಲವು ದೇಶಗಳಲ್ಲಿ ಭತ್ತಕ್ಕೆ ಒಂದು ನಂಜು ರೋಗ ತಗಲಿತು. ಅದು ಬಂದ ಗಿಡ ಬೆಳೆಯದೆ ಕುಳ್ಳಾಗಿ, ಹುಲ್ಲಿನ ಹಾಗೆ ಪೊದೆಕಟ್ಟುತ್ತಿತ್ತು. ತೆನೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಇದನ್ನು ಹರಡುತ್ತಿದ್ದದ್ದು ಅದೇ ಕಂದು ಜಿಗಿಹುಳು. 1973-74ರಲ್ಲಿ ಕೇರಳದಲ್ಲೂ ಈ ಹುಳದ ಹಾವಳಿ ಜೋರಾಗಿ, ಕುಟ್ಟನಾಡಿನ ಗದ್ದೆಗಳು ಹಾಳಾಗಿದ್ದವು.

ಫಿಲಿಪ್ಪೀನ್ಸ್ ದೇಶದ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯವರು ತಮ್ಮಲ್ಲಿದ್ದ 6,000ಕ್ಕೂ ಹೆಚ್ಚು ತಳಿಗಳನ್ನು ಒಂದೊಂದಾಗಿ ಪರೀಕ್ಷೆ ಮಾಡಿದರು. ಬೆಳೆಯುವ ಭತ್ತದ ಯಾವ ತಳಿಯಲ್ಲೂ ಈ ನಂಜನ್ನು ತಡೆಯುವ ಶಕ್ತಿ ಸಿಗಲಿಲ್ಲ. ಸಿಕ್ಕಿದ್ದು ಒಂದೇ ಒಂದು ಕಾಡುಭತ್ತದಲ್ಲಿ. ಅದು ನಮ್ಮ ಭಾರತದ್ದೇ, ಉತ್ತರ ಪ್ರದೇಶದಿಂದ ಸಂಗ್ರಹಿಸಿ ಇಟ್ಟಿದ್ದ ಒರೈಝಾ ನಿವಾರಾ.

ಪಂಜಾಬಿನ ಹಳ್ಳಿಯಿಂದ ಬಂದ ಗುರ್ದೇವ್ ಸಿಂಗ್ ಖುಷ್ ಎಂಬ ವಿಜ್ಞಾನಿ ಆಗ ಆ ಸಂಸ್ಥೆಯಲ್ಲಿ ಭತ್ತದ ತಳಿ ಅಭಿವೃದ್ಧಿ ಮಾಡುತ್ತಿದ್ದರು. ಅವರ ತಂಡ ಈ ಕಾಡುಭತ್ತದ ಗುಣವನ್ನು ಬೆಳೆಯುವ ಭತ್ತಕ್ಕೆ ತಂದಿತು. 1974ರಿಂದ ಆ ಗುಣವಿದ್ದ ತಳಿಗಳು ಹೊರಬಂದವು. ಅವುಗಳಲ್ಲಿ ಹೆಸರು ಮಾಡಿದ್ದು 1976ರ ಐ.ಆರ್. 36. ಒಂದು ಕಾಲಕ್ಕೆ ಅದು ಲೋಕದಲ್ಲಿ ಸುಮಾರು 1 ಕೋಟಿ 10 ಲಕ್ಷ ಹೆಕ್ಟೇರಿನಲ್ಲಿ ಬೆಳೆಯುತ್ತಿತ್ತು. ಖುಷ್ ಅವರಿಗೆ 1996ರಲ್ಲಿ ವಿಶ್ವ ಆಹಾರ ಪ್ರಶಸ್ತಿ ಸಿಕ್ಕಿತು.

ಯೋಚಿಸಿ ನೋಡಿ. ಆ ಒಂದು ಹಿಡಿ ಕಾಡುಭತ್ತವನ್ನು "ಇದು ಯಾವ ಪ್ರಯೋಜನಕ್ಕೆ?" ಎಂದು ಯಾರಾದರೂ ಬಿಸಾಡಿದ್ದರೆ?

ಗುಣವನ್ನು ದಾಟಿಸುವುದು ಹೇಗೆ?

ಇದು ಪ್ರಯೋಗಾಲಯದ ಮಾಯೆಯಲ್ಲ, ಬಹಳ ತಾಳ್ಮೆಯ ಕೈಕೆಲಸ. ಭತ್ತದ ಹೂವು ತನ್ನದೇ ಪರಾಗದಿಂದ ಕಾಳು ಕಟ್ಟುತ್ತದೆ. ಒಂದೊಂದು ಹೂವಿನಲ್ಲಿ 6 ಕೇಸರಗಳಿರುತ್ತವೆ. ಹೂವು ಅರಳುವ ಮೊದಲೇ ಈ ಆರನ್ನೂ ಸೂಕ್ಷ್ಮವಾಗಿ ತೆಗೆದುಬಿಡುತ್ತಾರೆ. ಬೇರೆ ಪರಾಗ ಬೀಳದಂತೆ ತೆನೆಗೆ ಕಾಗದದ ಚೀಲ ಕಟ್ಟುತ್ತಾರೆ. ಹೊತ್ತು ಏರಿ ಹೂವು ಅರಳುವ ಸಮಯಕ್ಕೆ ಕಾಡುಭತ್ತದ ಪರಾಗವನ್ನು ತಂದು ಅದರ ಮೇಲೆ ಉದುರಿಸುತ್ತಾರೆ. ಒಂದು ಹೂವಿಗೆ ಒಂದೇ ಕಾಳು. ಅದೂ ಕಟ್ಟಿದರೆ.

ಆ ಕಾಳಿನಿಂದ ಹುಟ್ಟಿದ ಗಿಡದಲ್ಲಿ ಅರ್ಧ ಕಾಡಿನ ಗುಣ, ಅರ್ಧ ಊರಿನ ಗುಣ. ರೋಗ ತಡೆಯುವ ಶಕ್ತಿ ಬಂದಿರಬಹುದು. ಜೊತೆಗೆ ಉದುರುವ ಚಾಳಿ, ಸುಂಗು, ಸಪೂರ ಕಾಳು ಇವೂ ಬಂದಿರುತ್ತವೆ. ಅದಕ್ಕಾಗಿ ಅದನ್ನು ಮತ್ತೆ ಊರಿನ ಭತ್ತದ ಜೊತೆಗೇ ಸೇರಿಸುತ್ತಾರೆ. ಆಗ ಕಾಡಿನ ಪಾಲು ಕಾಲು ಭಾಗಕ್ಕೆ ಇಳಿಯುತ್ತದೆ. ಮತ್ತೊಮ್ಮೆ ಸೇರಿಸಿದರೆ ಎಂಟರಲ್ಲಿ ಒಂದು, ಮತ್ತೆ ಹದಿನಾರರಲ್ಲಿ ಒಂದು. ಹುಳಿ ಹೆಚ್ಚಾದ ಮಜ್ಜಿಗೆಗೆ ಮತ್ತೆ ಮತ್ತೆ ನೀರು ಬೆರೆಸಿದ ಹಾಗೆ. ಆದರೆ ನಮಗೆ ಬೇಕಾದ ಆ ಒಂದು ಗುಣ ಮಾತ್ರ ತೆಳ್ಳಗಾಗಿ ಹೋಗಬಾರದು. ಆದ್ದರಿಂದ ಪ್ರತಿ ಸಲವೂ ಹುಟ್ಟಿದ ಗಿಡಗಳಿಗೆ ಬೇಕೆಂದೇ ರೋಗ ತಗಲಿಸಿ, ತಡೆದುಕೊಂಡ ಗಿಡವನ್ನೇ ಮುಂದಕ್ಕೆ ಆರಿಸುತ್ತಾರೆ. ಇದಕ್ಕೆಲ್ಲ ಹಲವು ವರ್ಷ ಬೇಕು.

ಈಗ ಈ ಕೆಲಸ ಸ್ವಲ್ಪ ಬೇಗ ಆಗುತ್ತದೆ. ಎಳೆ ನೇಜಿಯ ಎಲೆಯ ಚೂರು ತೆಗೆದು, ಬೇಕಾದ ಗುಣದ ಗುರುತು ಅದರಲ್ಲಿ ಇದೆಯೇ ಎಂದು ಪ್ರಯೋಗಾಲಯದಲ್ಲಿ ನೋಡಬಹುದು. ಗುರುತು ಇಲ್ಲದ ಗಿಡವನ್ನು ಅಲ್ಲೇ ಬಿಟ್ಟುಬಿಡಬಹುದು.

ಸಾಂಬಾ ಮಸೂರಿಗೆ ಆಫ್ರಿಕಾದ ನೆಂಟ

ಗಂಗಾವತಿ, ಸಿಂಧನೂರು ಕಡೆ ಬೆಳೆಯುವ ಸಾಂಬಾ ಮಸೂರಿ ಅಕ್ಕಿ ನಮ್ಮ ಅಂಗಡಿಗಳಲ್ಲೂ ಸಿಗುತ್ತದೆ. ಊಟಕ್ಕೆ ಒಳ್ಳೆಯದು, ಆದರೆ ಗದ್ದೆಯಲ್ಲಿ ದುಂಡಾಣು ಅಂಗಮಾರಿಗೆ ಬೇಗ ಬಲಿಯಾಗುವ ತಳಿ ಅದು.

ಆಫ್ರಿಕಾದ ಮಾಲಿ ದೇಶದ ಒಂದು ಕಾಡುಭತ್ತದಲ್ಲಿ ಈ ರೋಗವನ್ನು ತಡೆಯುವ ಗುಣಾಣು ಸಿಕ್ಕಿತು. ಅದಕ್ಕೆ ಎಕ್ಸ್‌ಎ 21 ಎಂದು ಹೆಸರು. ಅದು ಕೆಲಸ ಮಾಡುವುದು ಮನೆಯ ನಾಯಿಯ ಹಾಗೆ. ಬ್ಯಾಕ್ಟೀರಿಯಾ ಹತ್ತಿರ ಬಂದದ್ದು ಗೊತ್ತಾದ ಕೂಡಲೇ ಗಿಡವನ್ನು ಎಬ್ಬಿಸುತ್ತದೆ. ಗಿಡ ತನ್ನ ರಕ್ಷಣೆಗೆ ತಾನೇ ನಿಲ್ಲುತ್ತದೆ.

ಹೈದರಾಬಾದಿನ ಎರಡು ಸರ್ಕಾರಿ ಸಂಸ್ಥೆಗಳು, ಒಂದು ಭತ್ತ ಸಂಶೋಧನೆಯದು, ಇನ್ನೊಂದು ಕೋಶ ಮತ್ತು ಅಣು ಜೀವಶಾಸ್ತ್ರದ್ದು, ಸೇರಿ ಈ ಗುಣಾಣುವನ್ನು ಸಾಂಬಾ ಮಸೂರಿಗೆ ತಂದವು. ಒಂದೇ ನಾಯಿಯನ್ನು ನಂಬಲಿಲ್ಲ. ಬೇಸಾಯದ ಹಳೆಯ ತಳಿಗಳಿಂದ ಬಂದ ಇನ್ನೆರಡು ಗುಣಾಣುಗಳನ್ನೂ ಸೇರಿಸಿದರು. ಅದರಲ್ಲಿ ಒಂದು ಬ್ಯಾಕ್ಟೀರಿಯಾಕ್ಕೆ ಗಿಡದ ಸಕ್ಕರೆ ಸಿಗದ ಹಾಗೆ ಮಾಡುತ್ತದೆ, ಕಳ್ಳನಿಗೆ ಊಟ ಹಾಕದೆ ಇದ್ದ ಹಾಗೆ. ಈ ಸುಧಾರಿತ ಸಾಂಬಾ ಮಸೂರಿ 2008ರಲ್ಲಿ ಬಿಡುಗಡೆಯಾಯಿತು. ಅಕ್ಕಿಯ ಗುಣ ಮೊದಲಿನದೇ.

"ಇದು ಕುಲಾಂತರಿ ಬೀಜವಾ?" ಎಂದು ಕೆಲವರು ಕೇಳುತ್ತಾರೆ. ಅಲ್ಲ. ಭತ್ತಕ್ಕೆ ಭತ್ತವನ್ನೇ ಸೇರಿಸಿ ಮಾಡಿದ್ದು. ಇದು ಹೈಬ್ರಿಡ್ ಕೂಡ ಅಲ್ಲ. ಆದ್ದರಿಂದ ಬೆಳೆದ ಭತ್ತದಲ್ಲೇ ಮುಂದಿನ ವರ್ಷಕ್ಕೆ ಬೀಜ ಇಟ್ಟುಕೊಳ್ಳಬಹುದು. ಹೈಬ್ರಿಡ್ ಬೀಜವಾದರೆ ಹಾಗೆ ಇಟ್ಟುಕೊಂಡರೆ ಬೆಳೆ ಒಂದೇ ಸಮ ಬರುವುದಿಲ್ಲ, ಪ್ರತಿ ವರ್ಷ ಹೊಸತು ಕೊಳ್ಳಬೇಕು.

ನಮ್ಮ ಕರಾವಳಿಯ ಕೊಡುಗೆಯೂ ಉಂಟು

ಉತ್ತರ ಪ್ರದೇಶ, ಆಫ್ರಿಕಾ ಎಂದು ದೂರದ ಮಾತಾಯಿತು. ನಮ್ಮ ಸಮುದ್ರದ ಬದಿಯಲ್ಲೇ ನಡೆದದ್ದನ್ನೂ ಹೇಳಬೇಕು.

ಕೇರಳದ ಪಟ್ಟಾಂಬಿಯಲ್ಲಿ 1927ರಲ್ಲಿ ಭತ್ತ ಸಂಶೋಧನಾ ಕೇಂದ್ರ ಶುರುವಾಯಿತು. ಆಗ ಪಟ್ಟಾಂಬಿಯೂ ನಮ್ಮ ಕುಂದಾಪುರವೂ ಒಂದೇ ಮದ್ರಾಸ್ ಪ್ರಾಂತ್ಯದಲ್ಲಿದ್ದವು. ಅಲ್ಲಿನವರು ರೈತರ ಮನೆಗಳಲ್ಲಿದ್ದ ಹಳೆಯ ತಳಿಗಳನ್ನು ಕೂಡಿಸಿ, ಶುದ್ಧಮಾಡಿ, ನಂಬರು ಕೊಟ್ಟು ಇಟ್ಟರು. ಅವುಗಳಲ್ಲಿ ಪಿ.ಟಿ.ಬಿ. 18, 21, 33 ಎಂಬವು ಹುಳದ ಬಾಧೆಯನ್ನು ತಡೆಯುವುದರಲ್ಲಿ ಹೆಸರಾದವು. ಮೇಲೆ ಹೇಳಿದ ಐ.ಆರ್. 36ರಲ್ಲಿ ಕಾಡುಭತ್ತದ ಗುಣ ಮಾತ್ರವಲ್ಲ, ಈ ಪಿ.ಟಿ.ಬಿ. ತಳಿಗಳ ರಕ್ತವೂ ಇದೆ. ಅದು ಕಟಕ್‌ನ ಭತ್ತ ಸಂಶೋಧನಾ ಸಂಸ್ಥೆಯ ಮೂಲಕ ಫಿಲಿಪ್ಪೀನ್ಸ್‌ಗೆ ಹೋಗಿ ಸೇರಿತು. ಕಂದು ಜಿಗಿಹುಳದ ಸಂಶೋಧನೆಯಲ್ಲಿ ಹೊಸ ತಳಿಗಳ ಶಕ್ತಿಯನ್ನು ಹೋಲಿಸಿ ನೋಡಲು ಪಿ.ಟಿ.ಬಿ. 33 ಅನ್ನು ಈಗಲೂ ಬಳಸುತ್ತಾರೆ.

ಕುಂದಾಪುರ, ಬೈಂದೂರು, ಬ್ರಹ್ಮಾವರದಲ್ಲಿ ನಾವು ಹೆಚ್ಚಾಗಿ ಬೆಳೆಯುವ ಎಂ.ಒ. 4 ಸಹ ಕೇರಳದ ಮಂಕೊಂಬು ಕೇಂದ್ರದ್ದು. ಅದರ ತಂದೆತಾಯಿ ಐ.ಆರ್. 8 ಮತ್ತು ಪಿ.ಟಿ.ಬಿ. 20. ಅಂದರೆ ನಮ್ಮ ಕುಚ್ಚಲಕ್ಕಿಯ ಗಂಜಿಯಲ್ಲೇ ಒಂದು ಹಳೆಯ ಪಟ್ಟಾಂಬಿ ತಳಿ ಕೂತಿದೆ. ಯಾವುದೋ ಮನೆಯ ಹೆಂಗಸು ಮುಡಿ ಕಟ್ಟಿ ಜೋಪಾನ ಮಾಡಿದ ಬೀಜ ಅದು. ಅವಳ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಹಾಗಾದರೆ ಸಾಂಬಾ ಮಸೂರಿಗೆ ಮಾಡಿದ್ದನ್ನು ನಮ್ಮ ಭತ್ತಕ್ಕೂ ಮಾಡಬಹುದಲ್ಲ ಎಂದು ನೀವು ಕೇಳಬಹುದು. ಮಾಡಬಹುದು. ಆದರೆ ನಮಗೆ ಬೇಕಾದದ್ದು ಕೆಂಪು, ದಪ್ಪ, ಕುಚ್ಚಲಿಗೆ ಆಗುವ ಅಕ್ಕಿ. ನಮ್ಮ ಬೈಲು ಗದ್ದೆಯಲ್ಲಿ ನೆರೆ ನೀರು ನಿಲ್ಲುತ್ತದೆ, ಬೆಟ್ಟು ಗದ್ದೆ ಬೇಗ ಒಣಗುತ್ತದೆ. ಬೇರೆ ಕಡೆಯ ತಳಿಯನ್ನು ತಂದು ನೆಟ್ಟರೆ ಆಗುವುದಿಲ್ಲ. ನಮ್ಮ ನೆಲಕ್ಕೆ ಹೊಂದುವ ತಳಿಗೇ ಆ ಗುಣ ಬರಬೇಕು. ಬ್ರಹ್ಮಾವರದ ವಲಯ ಕೃಷಿ ಮತ್ತು ತೋಟಗಾರಿಕಾ ಸಂಶೋಧನಾ ಕೇಂದ್ರ ಇರುವುದೇ ಇಂಥ ಕೆಲಸಕ್ಕೆ. ನೆರೆ ನಿಲ್ಲುವ ತಗ್ಗು ಗದ್ದೆಗೆ ಆಗುವ ಸಹ್ಯಾದ್ರಿ ಪಂಚಮುಖಿ ಎಂಬ ಕೆಂಪಕ್ಕಿ ತಳಿ ಅಲ್ಲಿಂದಲೇ ಬಂದದ್ದು.

ಶಕ್ತಿ ಶಾಶ್ವತವಲ್ಲ

ಇಲ್ಲಿ ಒಂದು ಮಾತು ಮುಖ್ಯ. ರೋಗ ತಡೆಯುವ ಬೀಜ ಸಿಕ್ಕಿತೆಂದರೆ ಜನ್ಮಕ್ಕಾಯಿತು ಎಂದುಕೊಳ್ಳಬೇಡಿ. 1973ರಲ್ಲಿ ಕಂದು ಜಿಗಿಹುಳವನ್ನು ತಡೆಯುತ್ತದೆ ಎಂದು ಐ.ಆರ್. 26 ಎಂಬ ತಳಿ ಬಂತು. ಫಿಲಿಪ್ಪೀನ್ಸ್, ಇಂಡೋನೇಷ್ಯಾಗಳಲ್ಲಿ ಎಲ್ಲರೂ ಅದನ್ನೇ ನೆಟ್ಟರು. ಎರಡು ಮೂರು ವರ್ಷದಲ್ಲೇ ಆ ತಳಿಯನ್ನೂ ತಿನ್ನಬಲ್ಲ ಹುಳಗಳು ಹೆಚ್ಚಿಕೊಂಡವು.

ಯಾಕೆ ಹೀಗೆ? ನಾಯಿಗೆ ಗುರುತಾಗದ ಕಳ್ಳ ಯಾವಾಗಲೂ ಒಬ್ಬನಿರುತ್ತಾನೆ. ಊರಿಡೀ ಒಂದೇ ಜಾತಿಯ ನಾಯಿಯಿದ್ದರೆ ಆ ಒಬ್ಬ ಕಳ್ಳನಿಗೆ ಎಲ್ಲ ಮನೆಯ ಬಾಗಿಲೂ ತೆರೆದ ಹಾಗೆ. ಬೈಲಿನ ಉದ್ದಕ್ಕೂ ಒಂದೇ ತಳಿ ನೆಟ್ಟರೆ ಆಗುವುದೂ ಇದೇ. ಆಗ ಮತ್ತೆ ಹೊಸ ಗುಣ ಹುಡುಕಬೇಕು. ಎಲ್ಲಿ ಹುಡುಕುವುದು? ಮತ್ತೆ ಕಾಡುಭತ್ತದಲ್ಲೇ, ಹಳೆಯ ತಳಿಗಳಲ್ಲೇ. ಕೆರೆ ಮುಚ್ಚಿ, ತೋಡಿಗೆ ಕಾಂಕ್ರೀಟ್ ಹಾಕಿ, ಹಳೆಯ ಬೀಜ ಬಿಟ್ಟುಬಿಟ್ಟರೆ ಹುಡುಕಲು ಏನೂ ಉಳಿಯುವುದಿಲ್ಲ. ದೆಹಲಿಯಲ್ಲಿ, ಫಿಲಿಪ್ಪೀನ್ಸ್‌ನಲ್ಲಿ ಬೀಜಗಳನ್ನು ತಂಪಿನಲ್ಲಿ ಇಡುವ ದೊಡ್ಡ ಸಂಗ್ರಹಗಳಿವೆ ನಿಜ. ಆದರೆ ತಂಪಿನಲ್ಲಿ ಮಲಗಿದ ಬೀಜ ಇವತ್ತಿನ ಮಳೆ, ಇವತ್ತಿನ ರೋಗದ ಎದುರು ಪಳಗುವುದಿಲ್ಲ. ನೆಲದಲ್ಲಿ ಬೆಳೆಯುವ ಗಿಡ ಮಾತ್ರ ಪಳಗುತ್ತದೆ.

ನಮ್ಮ ಸಂಘಗಳು ಏನು ಮಾಡಬಹುದು?

1. ಬೀಜ ಕೊಳ್ಳುವಾಗ ಎಕರೆಗೆ ಎಷ್ಟು ಕ್ವಿಂಟಾಲ್ ಎಂದು ಮಾತ್ರ ಕೇಳಬೇಡಿ. "ಯಾವ ರೋಗ ತಡೆಯುತ್ತದೆ? ಯಾವುದಕ್ಕೆ ತುತ್ತಾಗುತ್ತದೆ?" ಎಂದೂ ಕೇಳಿ. ಬ್ರಹ್ಮಾವರದ ಸಂಶೋಧನಾ ಕೇಂದ್ರ, ಕೃಷಿ ವಿಜ್ಞಾನ ಕೇಂದ್ರ ಅಥವಾ ನಿಮ್ಮ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ. ಒಬ್ಬರೇ ಹೋಗುವುದಕ್ಕಿಂತ ಸಂಘದಿಂದ ನಾಲ್ಕು ಜನ ಸೇರಿ ಹೋದರೆ ಉತ್ತರ ಸರಿಯಾಗಿ ಸಿಗುತ್ತದೆ.

2. ಔಷಧಿಗೆ ಸಾಲ ಬರೆಯುವ ಮೊದಲು ರೋಗ ಬಂದ ಗಿಡವನ್ನು ಬುಡ ಸಮೇತ ಕಿತ್ತು ತೆಗೆದುಕೊಂಡು ಹೋಗಿ ತೋರಿಸಿ. ಲೋಟದ ನೀರಿನ ಪರೀಕ್ಷೆಯನ್ನು ಸಭೆಯಲ್ಲೇ ಮಾಡಿ ನೋಡಿ.

3. ಸಂಘದ ಎಲ್ಲರೂ ಒಂದೇ ತಳಿ ಹಾಕಬೇಡಿ. ನೆರೆಹೊರೆಯವರು ಮಾತಾಡಿಕೊಂಡು ಎರಡು ಮೂರು ತಳಿ ಹಂಚಿಕೊಂಡು ಬೆಳೆಯಿರಿ.

4. ಯೂರಿಯಾ ಹೆಚ್ಚು ಹಾಕಬೇಡಿ. ಕಡು ಹಸಿರಾಗಿ ಮೆತ್ತಗಾದ ಪೈರಿಗೆ ಬೆಂಕಿ ರೋಗ, ಅಂಗಮಾರಿ, ಜಿಗಿಹುಳು ಮೂರೂ ಬೇಗ ಹತ್ತುತ್ತವೆ. ಒಳ್ಳೆಯ ತಳಿಯ ಶಕ್ತಿಯೂ ಇದರಿಂದ ಸೋಲುತ್ತದೆ.

5. ಬೀಜಕ್ಕೆ ತೆನೆ ಆರಿಸುವಾಗ ರೋಗ ಬಂದ ಗದ್ದೆಯ ನಡುವೆಯೂ ಚೆನ್ನಾಗಿ ನಿಂತ ಬುಡಗಳನ್ನು ಗುರುತು ಮಾಡಿ, ಬೇರೆಯಾಗಿ ಕೊಯ್ದು ಇಡಿ. ಬಿತ್ತುವ ಮೊದಲು ಕೋಳಿಮೊಟ್ಟೆ ತೇಲುವಷ್ಟು ಉಪ್ಪು ಹಾಕಿದ ನೀರಿನಲ್ಲಿ ಬೀಜ ಹಾಕಿ. ತೇಲಿದ ಜೊಳ್ಳು ತೆಗೆದು, ಮುಳುಗಿದ್ದನ್ನು ಮೂರು ಸಲ ಒಳ್ಳೆ ನೀರಿನಲ್ಲಿ ತೊಳೆಯಿರಿ.

6. ಊರಿನಲ್ಲಿ ಕಯಮೆ, ಗಂಧಸಾಲೆಯಂಥ ಹಳೆಯ ತಳಿ ಯಾರ ಮನೆಯಲ್ಲಾದರೂ ಇದ್ದರೆ ಸಂಘದವರು ಒಂದೊಂದು ಸೇರು ಪಡೆದು, ಗದ್ದೆಯ ಒಂದು ಮೂಲೆಯಲ್ಲಾದರೂ ಪ್ರತಿ ವರ್ಷ ಬೆಳೆಸಿ. 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆಯ ಪ್ರಕಾರ ಬೀಜ ಉಳಿಸುವ, ಬಿತ್ತುವ, ಹಂಚಿಕೊಳ್ಳುವ ಹಕ್ಕು ನಮಗಿದೆ. ಕಂಪೆನಿಯ ಹೆಸರು ಹಾಕದೆ ಮಾರಲೂಬಹುದು. ಊರಿನವರು ಕಾಪಾಡಿದ ತಳಿಯನ್ನು ಊರಿನವರ ಹೆಸರಿನಲ್ಲೇ ನೋಂದಾಯಿಸಲೂ ಅವಕಾಶವಿದೆ.

7. ಕಾಡುಭತ್ತ ಗದ್ದೆಯೊಳಗೆ ಬಂದರೆ ಕಿತ್ತು ತೆಗೆಯಲೇಬೇಕು. ಬಿಟ್ಟರೆ ಕಾಳು ಉದುರಿ ಮುಂದಿನ ವರ್ಷ ಗದ್ದೆಯೇ ಅದರದ್ದಾಗುತ್ತದೆ. ಆದರೆ ಕೆರೆಯ ಬದಿಯಲ್ಲಿ, ಕಾಡಿನ ನೆರಳಿನಲ್ಲಿ ತನ್ನ ಪಾಡಿಗೆ ತಾನು ಇರುವುದನ್ನು ಕಳೆನಾಶಕ ಹೊಡೆದು ಸುಡಬೇಡಿ. ಅದು ಅಲ್ಲೇ ಇರಲಿ.

ನಾವು ವಾರ ವಾರ ಹತ್ತು ಇಪ್ಪತ್ತು ರೂಪಾಯಿ ಕೂಡಿಸುವುದು ಕಷ್ಟದ ದಿನಕ್ಕೆ ಆಗಲಿ ಎಂದು. ಬೀಜವೂ ಹಾಗೆಯೇ ಒಂದು ಉಳಿತಾಯ. ಇವತ್ತು ಬೇಡವೆಂದು ಕಂಡ ತಳಿಯೊಳಗೆ ನಮ್ಮ ಮೊಮ್ಮಕ್ಕಳ ಗದ್ದೆಗೆ ಬೇಕಾದ ಔಷಧಿ ಇರಬಹುದು. ಮುಂದಿನ ಸಭೆಯಲ್ಲಿ ಒಂದು ಕೆಲಸ ಮಾಡಿ. ನಿಮ್ಮ ಊರಿನಲ್ಲಿ ಈಗ ಎಷ್ಟು ತಳಿಯ ಭತ್ತ ಉಳಿದಿದೆ, ಯಾರ ಮನೆಯಲ್ಲಿದೆ, ಯಾವುದಕ್ಕೆ ಯಾವ ರೋಗ ಕಡಿಮೆ ಎಂದು ಹಿರಿಯರನ್ನು ಕೇಳಿ ಸಂಘದ ಪುಸ್ತಕದಲ್ಲಿ ಬರೆದಿಡಿ. ಲೆಕ್ಕ ಬರೆಯುವುದು ನಮಗೆ ಹೊಸತಲ್ಲವಲ್ಲ.